‘ಎಲಿನಾರ್ ರಿಗ್ಬಿ’ಗೆ ಎಂಟೇ ವಾದ್ಯ ಸಾಕು

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ ‘ಎಲಿನಾರ್ ರಿಗ್ಬಿ’ ಹಾಡಿನ ಕುರಿತ ಲೇಖನ ಓದಿ ಖುಷಿಯಾಯಿತು. ಆದರೆ ಅದನ್ನು ‘ಭಾರಿ ವಾದ್ಯವೃಂದದ ಹಾಡು’ ಎಂದಿರುವುದು ಸರಿಯಲ್ಲ. ಈ ಹಾಡನ್ನು ವೇದಿಕೆಗೆ ತರುವವರು ಎಡವುವುದು ಇದೇ ತಪ್ಪು ಕಲ್ಪನೆಯಿಂದ.

1966ರ ಏಪ್ರಿಲ್ 28ರಂದು ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ ನುಡಿಸಿದವರು ಎಂಟೇ ಜನ: ನಾಲ್ಕು ಪಿಟೀಲು, ಎರಡು ವಿಯೋಲ (ಪಿಟೀಲಿಗಿಂತ ತುಸು ದೊಡ್ಡದು), ಎರಡು ಚೆಲ್ಲೊ (ಇನ್ನೂ ದೊಡ್ಡದು, ಮಂದ್ರ ದನಿಯದು). ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ. ಬೀಟಲ್ಸ್ ನಾಲ್ವರಲ್ಲಿ ಒಬ್ಬರೂ ಇದರಲ್ಲಿ ವಾದ್ಯ ಮುಟ್ಟಿಲ್ಲ. ವಾದ್ಯ ಸಂಯೋಜನೆ ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರದು. ಧ್ವನಿಮುದ್ರಕ ಜೆಫ್ ಎಮೆರಿಕ್ ಮೈಕುಗಳನ್ನು ತಂತಿಗಳ ತೀರ ಹತ್ತಿರಕ್ಕೆ ಒಯ್ದಿದ್ದರಿಂದ ಕಮಾನು ತಂತಿಯನ್ನು ಕೆರೆಯುವ ಸದ್ದೂ ಕೇಳಿಸುತ್ತದೆ. ಆ ಒರಟುತನವೇ ಈ ಹಾಡಿನ ಜೀವ.

ನಮ್ಮ ಆರ್ಕೆಸ್ಟ್ರಾಗಳಲ್ಲಿ ಇದನ್ನು ಕೀಬೋರ್ಡಿನ ‘ಸ್ಟ್ರಿಂಗ್ಸ್’ ಟೋನಿನಲ್ಲಿ ನುಡಿಸಿದರೆ ಹಾಡು ಸಪ್ಪೆಯಾಗುತ್ತದೆ. ಲಯ ನಿಮಿಷಕ್ಕೆ ಸುಮಾರು 138 ಬೀಟ್, ಅಂದರೆ ಒಂದು ಬೀಟಿಗೆ ಅರ್ಧ ಸೆಕೆಂಡೂ ಇಲ್ಲ. ಮೆಲ್ಲಗೆ ಏಳುವ ಟೋನು ಪೂರ್ತಿ ಏಳುವಷ್ಟರಲ್ಲಿ ಬೀಟೇ ಮುಗಿದಿರುತ್ತದೆ. ಕೀಬೋರ್ಡಿನ ಅಟ್ಯಾಕನ್ನು (ಸದ್ದು ಏಳಲು ಹಿಡಿಯುವ ಸಮಯ) ಸೊನ್ನೆಯ ಹತ್ತಿರ ಇಡಿ, ರಿಲೀಸ್ (ಬೆರಳೆತ್ತಿದ ಮೇಲೂ ಸದ್ದು ಉಳಿಯುವ ಸಮಯ) ತಗ್ಗಿಸಿ, ರಿವರ್ಬ್ (ಪ್ರತಿಧ್ವನಿ) ಮತ್ತು ವೈಬ್ರಾಟೊ (ಸ್ವರದ ಕಂಪನ) ತೆಗೆಯಿರಿ. ಪ್ರತಿ ಬೀಟಿಗೂ ಗಿಡ್ಡ ಹೊಡೆತ ಬೀಳಬೇಕು. ಒಂದು ಚೆಲ್ಲೊ ಸಿಕ್ಕರಂತೂ ಬಿಡಬೇಡಿ.

ತಾಳದಲ್ಲೂ ಒಂದು ತೊಡಕಿದೆ. ಚರಣದ ಸಾಲು ನಾಲ್ಕು ‘ಬಾರ್’ಗೆ (ತಾಳದ ಆವರ್ತಕ್ಕೆ) ನಿಲ್ಲದೆ ಐದಕ್ಕೆ ಹೋಗುತ್ತದೆ. ರಿದಂ ಪ್ಯಾಡಿನವರು ರೂಢಿಯಂತೆ ನಾಲ್ಕನೆಯ ‘ಬಾರ್’ನ ಕೊನೆಗೆ ಫಿಲ್ (ಸಾಲು ಮುಗಿಯಿತೆಂದು ಸಾರುವ ಹೊಡೆತಗಳ ತುಣುಕು) ಹಾಕಿದರೆ ಗಾಯಕ ಅಲ್ಲೇ ದಾರಿ ತಪ್ಪುತ್ತಾನೆ.

ಇನ್ನು ಸ್ವರಗಳ ಮಾತು, ನಮ್ಮ ಕರ್ನಾಟಕ ಸಂಗೀತದ ಹೆಸರುಗಳಲ್ಲಿ. ಪಾಶ್ಚಾತ್ಯ ಸ್ವರ ‘ಇ’ (E) ಯನ್ನೇ ಷಡ್ಜವೆಂದು ಹಿಡಿದರೆ ಚರಣದ ರಾಗ ಹೆಚ್ಚಾಗಿ ಖರಹರಪ್ರಿಯ ರಾಗದ ಸ್ವರಗಳಲ್ಲೇ ಸಾಗುತ್ತದೆ. ಕೊನೆಗೆ ಶುದ್ಧ ಧೈವತ ಇಣುಕಿ ಪಂಚಮಕ್ಕೆ ಇಳಿಯುತ್ತದೆ. ಪಲ್ಲವಿಯಲ್ಲಿ ವಿಯೋಲ ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದೇ ಮೇಳದಲ್ಲಿ (ಏಳು ಸ್ವರಗಳ ಮೂಲ ರಾಗದಲ್ಲಿ) ಎರಡು ಧೈವತಕ್ಕೆ ಎಡೆಯಿಲ್ಲ ಎಂದು ಕಲಿತವರು ಇಲ್ಲೊಂದನ್ನು ಬಿಟ್ಟುಬಿಡುವುದುಂಟು. ಬಿಟ್ಟರೆ ಪಲ್ಲವಿಯ ಸಂಕಟವೇ ಹೋಯಿತು.

ಹಾಗೆಂದು ಮೂಲವನ್ನು ಬದಲಿಸಲೇಬಾರದೆಂದಲ್ಲ. 1967ರಲ್ಲಿ ಅಮೆರಿಕದ ರಾಕ್ ತಂಡ ವ್ಯಾನಿಲ್ಲಾ ಫಡ್ಜ್, ಎರಡು ನಿಮಿಷ ಚಿಲ್ಲರೆಯ ಹಾಡನ್ನು ಆರ್ಗನ್ ಸಮೇತ ಎಂಟು ನಿಮಿಷ ದಾಟಿಸಿತು. ನನಗೆ ಅದು ಭಾರವೆನಿಸುತ್ತದೆ. 1968ರಲ್ಲಿ ಅಮೆರಿಕದ ಗಾಯಕ ರೇ ಚಾರ್ಲ್ಸ್ ಇದನ್ನು ಕಪ್ಪು ಅಮೆರಿಕನ್ನರ ‘ಸೋಲ್’ ಸಂಗೀತಕ್ಕೆ ಒಗ್ಗಿಸಿದರು. ಎಲ್ಲಕ್ಕಿಂತ ಧೈರ್ಯ ಅಲ್ಲಿನ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ಅವರದು. 1969ರ ತಮ್ಮ ಹಾಡಿನಲ್ಲಿ ‘ಅವಳು’ ಎಂಬುದನ್ನು ‘ನಾನು’ ಮಾಡಿ, ಹಾಡಿನ ಒಂಟಿ ಹೆಣ್ಣು ಎಲಿನಾರ್ ತಾವೇ ಆಗಿ ಹಾಡಿದರು. ತಂತಿವಾದ್ಯಗಳ ಚೌಕಟ್ಟನ್ನೇ ಕಳಚಿ ಹೊಸದನ್ನು ಕಟ್ಟಿದ್ದಾರೆ. ಮೂಲವನ್ನು ಅರೆಬರೆ ನಕಲು ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ನುಡಿಸಲು ಹೊರಟವರು ಮೊದಲು ಬೀಟಲ್ಸ್ ತಂಡದ 1996ರ ಆಲ್ಬಂ ‘ಆಂಥಾಲಜಿ 2’ ಕೇಳಲಿ. ಈ ಹಾಡಿನ ದನಿ ತೆಗೆದು ಬರೀ ತಂತಿವಾದ್ಯಗಳನ್ನು ಅದರಲ್ಲಿ ಕೊಟ್ಟಿದ್ದಾರೆ. ವಿಯೋಲದ ಆ ನಾಲ್ಕು ಸ್ವರಗಳನ್ನು ಹೆಡ್‌ಫೋನಿನಲ್ಲಿ ಹುಡುಕಿ ಬರೆದುಕೊಳ್ಳಬಹುದು.

ಇಂತಿ,
ಒಬ್ಬ ಪಿಟೀಲು ವಾದಕ, ಮೈಸೂರು