ಬಲ ನಿಲ್ಲುವ ಜಾಗ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಭೀಮ, ಗ್ರೀಕರ ಹರ್ಕ್ಯುಲಿಸ್, ಬೈಬಲಿನ ಸ್ಯಾಮ್ಸನ್, ರುಸ್ತುಮ್ ಒಂದೇ ಅಖಾಡಕ್ಕೆ ಇಳಿದರೆ ಗೆಲ್ಲುವವರು ಯಾರು ಎಂದು ಕಳೆದ ಪತ್ರದಲ್ಲಿ ನೀನು ಕೇಳಿದ್ದೆ. ಅದಕ್ಕೆ ಉತ್ತರ ಹುಡುಕುತ್ತ ಆ ಕಥೆಗಳನ್ನು ಮತ್ತೆ ಓದಿದೆ. ಈ ಬಲಶಾಲಿಗಳು ಯಾರನ್ನು ಕೆಡವಿದರು ಎಂಬುದಕ್ಕಿಂತ, ಅವರ ಬಲ ಎಲ್ಲಿಗೆ ಬಂದು ನಿಂತಿತು ಎಂಬುದನ್ನೇ ಕಥೆ ಕಟ್ಟಿದವರು ಹೆಚ್ಚು ಅಕ್ಕರೆಯಿಂದ ಹೇಳಿದ್ದಾರೆ ಎಂದು ನನಗೆ ಅನ್ನಿಸತೊಡಗಿದೆ.

ನಾರ್ಡಿಕ್ ಪುರಾಣದ ಥಾರ್‌ನನ್ನೇ ನೋಡು. ಸೊಂಟಕ್ಕೆ ಬಿಗಿದರೆ ಬಲವನ್ನು ಇಮ್ಮಡಿಗೊಳಿಸುವ ಪಟ್ಟಿ, ಸುತ್ತಿಗೆ ಹಿಡಿಯಲು ಕಬ್ಬಿಣದ ಕೈಗವಸು, ಎಲ್ಲವೂ ಉಳ್ಳ ಆ ದೇವತೆಯನ್ನು ದೈತ್ಯರ ಅರಮನೆಯಲ್ಲಿ 'ಎಲ್ಲಿ' ಎಂಬ ಹೆಸರಿನ ಮುದುಕಿಯೊಡನೆ ಕುಸ್ತಿಗೆ ನಿಲ್ಲಿಸುತ್ತಾರೆ. ಎಷ್ಟು ಜಗ್ಗಿದರೂ ಅವಳು ಅಲುಗುವುದಿಲ್ಲ, ಕೊನೆಗೆ ಥಾರ್‌ನೇ ಒಂದು ಮೊಣಕಾಲೂರುತ್ತಾನೆ. ಅವಳು ಸಾಕ್ಷಾತ್ ಮುಪ್ಪು ಎಂಬುದು ಅವನಿಗೆ ತಿಳಿಯುವುದು ಮರುದಿನ. ಇದನ್ನು ಓದುವಾಗ ನನಗೆ ಥಟ್ಟನೆ ನೆನಪಾದದ್ದು ಸೌಗಂಧಿಕಾ ಪುಷ್ಪಕ್ಕೆ ಹೊರಟ ಭೀಮ. ಅವನ ದಾರಿಗೆ ಅಡ್ಡವಾಗಿ ಮಲಗಿದ್ದದ್ದೂ ಒಂದು ಮುದಿ ಕಪಿಯೇ. ಎರಡೂ ಕೈ ಹಾಕಿ ಎಳೆದರೂ ಬಾಲ ಮಿಸುಕಲಿಲ್ಲ. ಪರಸ್ಪರ ಪರಿಚಯವೇ ಇಲ್ಲದ ಎರಡು ಜನಾಂಗಗಳು ತಮ್ಮ ಅತಿಬಲನನ್ನು ಮುಪ್ಪಿನ ಮುಂದೆ ತಂದು ನಿಲ್ಲಿಸಿದವಲ್ಲ, ಇದು ನನ್ನನ್ನು ಇನ್ನೂ ಕಾಡುತ್ತಿದೆ.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಲಕಿದವನು ಪರ್ಷಿಯಾದ ರುಸ್ತುಮ್. ಯೌವನದಲ್ಲಿ ಅವನ ಬಲ ಎಷ್ಟಿತ್ತೆಂದರೆ, ಬಂಡೆಯ ಮೇಲೆ ನಡೆದರೂ ಪಾದಗಳು ಹೂತುಹೋಗುತ್ತಿದ್ದವು. ನೆಮ್ಮದಿಯಾಗಿ ನಡೆದಾಡಲೂ ಆಗದೆ, ತನ್ನ ಬಲದ ಒಂದು ಪಾಲನ್ನು ಹಿಂದಕ್ಕೆ ತೆಗೆದುಕೊಳ್ಳೆಂದು ಅವನು ದೇವರನ್ನು ಬೇಡಿಕೊಂಡ. ವರ್ಷಗಳ ಮೇಲೆ, ಯುವಕನೊಬ್ಬ ಮಲ್ಲಯುದ್ಧದಲ್ಲಿ ತನ್ನನ್ನು ನೆಲಕ್ಕೆ ಕೆಡವಿದಾಗ, ಅಂದು ಬಿಟ್ಟುಕೊಟ್ಟ ಬಲವನ್ನು ಮರಳಿ ಕೊಡೆಂದು ಮತ್ತೆ ಬೇಡಿದ. ದೊರೆತ ಬಲದಿಂದ ಅವನು ಕೊಂದದ್ದು ಸೊಹ್ರಾಬ್‌ನನ್ನು, ತಾನು ಗುರುತಿಸದೆ ಹೋದ ಸ್ವಂತ ಮಗನನ್ನು.

ನಮ್ಮ ಧೃತರಾಷ್ಟ್ರನನ್ನು ಬಲಶಾಲಿಗಳ ಸಾಲಿನಲ್ಲಿ ಯಾರೂ ನೆನೆಯುವುದಿಲ್ಲ. ಆದರೆ ಯುದ್ಧ ಮುಗಿದ ಮೇಲೆ, ಭೀಮನೆಂದು ತಿಳಿದು ಕಬ್ಬಿಣದ ಪ್ರತಿಮೆಯನ್ನು ಅಪ್ಪಿ ಪುಡಿಮಾಡಿದವನು ಆ ಕುರುಡ ಮುದುಕನೇ. ಬಾಯಿಂದ ರಕ್ತ ಕಾರುತ್ತ ನೆಲಕ್ಕೆ ಬಿದ್ದವನು, ಕೋಪವಿಳಿದ ಮರುಕ್ಷಣವೇ ಭೀಮನಿಗಾಗಿ ಅತ್ತ. ಮಹಾಭಾರತದಲ್ಲಿ ಇದಕ್ಕಿಂತ ಭಯಂಕರವಾದ ಅಪ್ಪುಗೆ ಇನ್ನೊಂದಿಲ್ಲ.

ಇವು ಪುರಾಣಗಳಾಯಿತು, ಚರಿತ್ರೆಯ ಜನರ ವಿಷಯವೇನು ಎಂದು ನೀನು ಕೇಳಬಹುದು. ಚೀನಾದ ಕಿನ್ ರಾಜ್ಯದ ದೊರೆ ವೂ ಕ್ರಿ.ಪೂ. 307ರಲ್ಲಿ ಪಂದ್ಯ ಕಟ್ಟಿ ಭಾರವಾದ ಕಂಚಿನ ಕಡಾಯಿಯನ್ನೆತ್ತಲು ಹೋಗಿ ಕಾಲು ಮುರಿದುಕೊಂಡು ಸತ್ತ. ಒಲಿಂಪಿಯಾದಲ್ಲಿ 6 ಬಾರಿ ಗೆದ್ದ ಗ್ರೀಕ್ ಜಟ್ಟಿ ಮೈಲೋ, ಬೆಣೆ ಹೊಡೆದಿದ್ದ ಮರದ ಕಾಂಡವನ್ನು ಬರಿಗೈಯಲ್ಲಿ ಸೀಳಲು ಹೋಗಿ ಕೈ ಸಿಕ್ಕಿಕೊಂಡು ತೋಳಗಳ ಪಾಲಾದನೆಂಬ ಐತಿಹ್ಯವಿದೆ. ಬಲವನ್ನು ಹೀಗೆ ಮೆರೆಸದೆ, ಬರಿದೆ ಅಳೆದವರೂ ಇದ್ದರು. ಐಸ್‌ಲ್ಯಾಂಡಿನ ಡ್ಯೂಪಲೋನ್ಸಾಂಡರ್ ಕಡಲತೀರದಲ್ಲಿ ಇಂದಿಗೂ 4 ಕಲ್ಲುಗಳಿವೆ. ಅತಿ ದೊಡ್ಡದು 154 ಕಿಲೋ, ಅತಿ ಚಿಕ್ಕದು 23. ದೋಣಿಯಲ್ಲಿ ಮೀನುಗಾರಿಕೆಗೆ ಹೋಗಬಯಸಿದವನು ಇವುಗಳಲ್ಲಿ ಯಾವುದನ್ನು ಎತ್ತಬಲ್ಲ ಎಂದು ಪರೀಕ್ಷಿಸುತ್ತಿದ್ದರು. ಅವುಗಳ ಹೆಸರುಗಳಲ್ಲಿ 'ಪೂರ್ಣಬಲ', 'ಅರ್ಧಬಲ' ಎಂಬ ಅರ್ಥವುಳ್ಳವೂ ಇವೆ.

ಹರ್ಕ್ಯುಲಿಸ್‌ನನ್ನು ಕೊನೆಗೆ ಉಳಿಸಿಕೊಂಡೆ. ರೋಮ್‌ನ ಕ್ಯಾರಕಲಾ ಸ್ನಾನಗೃಹಗಳ ಅವಶೇಷಗಳಲ್ಲಿ 16ನೆಯ ಶತಮಾನದಲ್ಲಿ ದೊರೆತ ಅವನ ಬೃಹತ್ ಶಿಲ್ಪ ಈಗ ನೇಪಲ್ಸ್‌ನ ಸಂಗ್ರಹಾಲಯದಲ್ಲಿದೆ. ಮೂರು ಮೀಟರಿಗೂ ಎತ್ತರದ ಆ ಮೈಯಲ್ಲಿ ಒಂದೊಂದು ಸ್ನಾಯುವೂ ಉಬ್ಬಿದೆ, ಆದರೆ ತಲೆ ಬಾಗಿದೆ, ಕಂಕುಳು ಗದೆಯ ಮೇಲೆ ಒರಗಿದೆ. ಅವನು ದಣಿದಿದ್ದಾನೆ. ಎಂದಾದರೂ ಅಲ್ಲಿಗೆ ಹೋದರೆ ಎದುರಿನಿಂದಷ್ಟೇ ನೋಡಿ ಬರಬೇಡ, ಸುತ್ತಿಕೊಂಡು ಹಿಂದಕ್ಕೆ ಹೋಗು. ತನಗೆ ವಿಧಿಸಿದ ಸಾಹಸಗಳಲ್ಲೊಂದಾಗಿ ಅಷ್ಟು ಕಷ್ಟಪಟ್ಟು ತಂದ ಚಿನ್ನದ ಸೇಬುಗಳನ್ನು ಅವನು ಬೆನ್ನ ಹಿಂದಿನ ಕೈಯಲ್ಲಿ ಹಿಡಿದುಕೊಂಡಿದ್ದಾನೆ.

ನಿನ್ನ ಗೆಳೆಯ