ಹಳ್ಳಿ ಎಂದು ಬೋರ್ಡು ಹಾಕಿಕೊಂಡ ಊರು

ಪ್ರೀತಿಯ ಮಂಜಣ್ಣ,

ಹೊರಡುವ ದಿನ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನೀನು ಕೇಳಿದ್ದು ನೆನಪಿದೆ. "ಅಮೆರಿಕದಲ್ಲೂ ಹಳ್ಳಿ ಅಂತ ಇರ್ತಾವಾ ಮಾರಾಯಾ? ಇದ್ರೆ ಒಂದು ನೋಡ್ಕೊಂಡು ಬಂದು ಹೇಳು." ಎರಡು ಅವಧಿ ಗ್ರಾಮ ಪಂಚಾಯ್ತಿಯಲ್ಲಿ ಕೂತು ಬಂದವನು, ಕೇಳದೆ ಬಿಡ್ತೀಯಾ?

ತಮಾಷೆ ಏನು ಗೊತ್ತಾ, ನಾನು ಬಂದಿಳಿದದ್ದೇ ಒಂದು 'ವಿಲೇಜಿ'ಗೆ. ಮಗಳ ಮನೆಯಿರುವ ಷಾಂಬರ್ಗ್‌ನಲ್ಲಿ 78 ಸಾವಿರ ಜನ. ಅಗಲವಾದ ಹೆದ್ದಾರಿ, ಒಳಗೆ ಹೊಕ್ಕರೆ ದಾರಿ ತಪ್ಪುವಷ್ಟು ದೊಡ್ಡ ಮಾಲು. ನೀರಿನ ಬಿಲ್ಲಿನ ಮೇಲೆ ಮಾತ್ರ 'ವಿಲೇಜ್ ಆಫ್ ಷಾಂಬರ್ಗ್'. ಇಲಿನಾಯ್ ರಾಜ್ಯದಲ್ಲಿ ವಿಲೇಜ್ ಅಂದರೆ ಊರಿನ ಗಾತ್ರವಲ್ಲ, ಆಡಳಿತದ ಒಂದು ಬಗೆ: ಒಬ್ಬ ಅಧ್ಯಕ್ಷ, ಆರು ಜನ ಸದಸ್ಯರು, ಅಷ್ಟೆ. ಗದ್ದೆ, ಕೊಟ್ಟಿಗೆ ಇರಲೇಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ.

ಆದರೆ ನಿನಗೆ ಹೇಳಬೇಕು ಅನ್ನಿಸಿದ ಊರು ಬೇರೆ. ಷಿಕಾಗೊದಿಂದ ಉತ್ತರಕ್ಕೆ 16 ಮೈಲಿ, ಮಿಷಿಗನ್ ಸರೋವರದ ದಂಡೆಯ ಮೇಲೆ ವಿನೆಟ್ಕಾ ಅಂತ ಒಂದು ವಿಲೇಜ್ ಇದೆ. ಜನಸಂಖ್ಯೆ 12 ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಹಣದ ವಿಷಯದಲ್ಲಿ ಅಮೆರಿಕದ ಮೇಲ್ಪಂಕ್ತಿಯ ಊರು. ಮನೆಯವರೆಲ್ಲ ಕ್ರಿಸ್ಮಸ್ಸಿಗೆ ಪ್ಯಾರಿಸ್ಸಿಗೆ ಹೋಗಿ, ಪೋರನೊಬ್ಬ ಮನೆಯಲ್ಲೇ ಉಳಿದು ಕಳ್ಳರಿಗೆ ನೀರು ಕುಡಿಸುವ ಸಿನಿಮಾ ಮೊಮ್ಮಕ್ಕಳು ಹತ್ತು ಸಲ ನೋಡಿದ್ದಾರಲ್ಲ, ಆ ಇಟ್ಟಿಗೆ ಮನೆ ಇಲ್ಲೇ ಇರೋದು. ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ ನೆಪವೂ ಅದೇ. ಮೊಮ್ಮಗಳು ಮನೆಯ ಮುಂದೆ ಫೋಟೊ ತೆಗೆಸಿಕೊಂಡಳು. ಅವಳ ಕೆಲಸ ಅಲ್ಲಿಗೆ ಮುಗಿಯಿತು, ನನ್ನದು ಶುರುವಾಯಿತು.

ಮೊದಲು ಹುಟ್ಟಿನ ಕಥೆ. 1854ರಲ್ಲಿ ಚಾರ್ಲ್ಸ್ ಪೆಕ್, ವಾಲ್ಟರ್ ಗರ್ನಿ ಎಂಬಿಬ್ಬರು ಇಲ್ಲಿ ನಿವೇಶನಗಳ ನಕ್ಷೆ ಹಾಕಿದರು. ಗರ್ನಿಗೆ ರೈಲು ಕಂಪನಿಯ ನಂಟಿತ್ತು. ಮರುವರ್ಷವೇ ರೈಲು ಬಂತು. ರೈಲು ಎಲ್ಲಿ ನಿಲ್ಲುತ್ತೆ ಅಂತ ಮೊದಲೇ ಗೊತ್ತಿದ್ದವರು ಸೈಟು ಮಾಡುವುದು ಯಾವ ದೇಶದಲ್ಲೂ ಹೊಸದಲ್ಲ ಬಿಡು. 1869ರಲ್ಲಿ ವಿಲೇಜ್ ಅಂತ ಅಧಿಕೃತವಾಯಿತು. ಊರಿನ ಹೆಸರಿಗೆ ಮೂಲನಿವಾಸಿಗಳ ಮಾತಿನಲ್ಲಿ 'ಸುಂದರ ನೆಲ' ಎಂಬ ಅರ್ಥ ಹೇಳುತ್ತಾರೆ. ಇಲ್ಲಿದ್ದ ಪೊಟವಾಟೊಮಿ ಜನರನ್ನು 1833ರ ಷಿಕಾಗೊ ಒಪ್ಪಂದದ ನಂತರ ಮಿಸಿಸಿಪಿ ನದಿಯ ಆಚೆಗೆ ಸಾಗಹಾಕಿದ್ದಾಗಿತ್ತು. ಮುಳುಗಡೆಯ ಸೀಮೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ನಿನಗೆ ಹೊಟ್ಟೆಕಿಚ್ಚಾಗುವ ಸಂಗತಿ ಈಗ ಬರುತ್ತೆ. ಈ ಪಂಚಾಯ್ತಿ 1900ರಲ್ಲೇ ತನ್ನದೇ ವಿದ್ಯುತ್ ಘಟಕ ಹಾಕಿಕೊಂಡಿತು. ಇವತ್ತಿಗೂ ಕರೆಂಟು, ಸರೋವರದ ನೀರು ಎರಡೂ ಊರಿನದೇ ಸ್ವತ್ತು. ಸಾಹುಕಾರರ ಊರಿನಲ್ಲಿ ಇದೇನು ಸಮಾಜವಾದ ಅಂತ ಹುಡುಕಿದರೆ ಹೆನ್ರಿ ಡೆಮರೆಸ್ಟ್ ಲಾಯ್ಡ್ ಎಂಬ ಪತ್ರಕರ್ತ ಸಿಕ್ಕಿದ. ರಾಕ್‌ಫೆಲರನ ತೈಲ ಕಂಪನಿಯ ಬಣ್ಣವನ್ನು 1881ರಲ್ಲೇ ಬಯಲಿಗೆಳೆದ ಆಸಾಮಿ. ಮಾವ ಷಿಕಾಗೊದ ದೊಡ್ಡ ಪತ್ರಿಕೆಯ ಪಾಲುದಾರ. ಹೇಮಾರ್ಕೆಟ್ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾದ ಕಾರ್ಮಿಕ ಮುಖಂಡರ ಪರ ಅಳಿಯ ನಿಂತನೆಂದು ಮಾವ ಉಯಿಲನ್ನೇ ಬದಲಾಯಿಸಿ ಆಸ್ತಿಯನ್ನು ಮೊಮ್ಮಕ್ಕಳ ಹೆಸರಿಗೆ ಬರೆದ! ಆದರೂ ಅಳಿಯ ಬಗ್ಗಲಿಲ್ಲ. ದೊಡ್ಡ ತೀರ್ಮಾನಗಳು ಊರಸಭೆಯ ಮುಂದೆ ಬರಬೇಕು, ಜನರ ಮತ ಕೇಳಬೇಕು ಎಂದು ಇಲ್ಲಿ ಹಠ ಹಿಡಿದವರಲ್ಲಿ ಅವನೂ ಒಬ್ಬ. ಅದರ ನೆರಳು ಈಗಲೂ ಇದೆ. ಪಂಚಾಯ್ತಿ ಸದಸ್ಯರಿಗೆ ಸಂಬಳವಿಲ್ಲ, ಪಕ್ಷದ ಚಿಹ್ನೆಯಿಲ್ಲ. ಊರವರ ಸಮಿತಿಯೊಂದು ಅಭ್ಯರ್ಥಿಗಳನ್ನು ಆರಿಸಿ ಸಭೆಯ ಮುಂದಿಡುತ್ತೆ. ನಮ್ಮಲ್ಲಿ ಕಾಗದದ ಮೇಲೆ ನಡೆಯುವ ಗ್ರಾಮಸಭೆ ಇಲ್ಲಿ ಕುರ್ಚಿ ಮೇಲೆ ನಡೆಯುತ್ತೆ ಅಂದುಕೋ.

ರೈಲಿನದೂ ಒಂದು ಕಥೆ. ಹಳಿ ಊರಿನ ನಟ್ಟನಡುವೆ ಹಾದುಹೋಗುತ್ತಿತ್ತು, ಗೇಟು ದಾಟುವಾಗ ಸಾವು ತಪ್ಪಿದ್ದಲ್ಲ. 1937ರಲ್ಲಿ ಊರಿನ ಇಬ್ಬರು ಹೆಂಗಸರು ಸತ್ತ ಮೇಲೆ ಜನ ಎದ್ದು ಕೂತರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಸಂಪುಟದಲ್ಲಿ ಲೋಕೋಪಯೋಗಿ ಹಣದ ಕೀಲಿ ಹಿಡಿದಿದ್ದ ಹೆರಾಲ್ಡ್ ಇಕಿಸ್ ಇದೇ ಊರಿನವರು. 1938ರಿಂದ 1943ರ ಹೊತ್ತಿಗೆ ಇಡೀ ರೈಲುಮಾರ್ಗವನ್ನೇ ನೆಲ ಬಗೆದು ಕೆಳಗಿಳಿಸಿದರು. ಈಗ ಪೇಟೆಯಲ್ಲಿ ನಿಂತರೆ ರೈಲು ಕಾಣುವುದಿಲ್ಲ. ಕಾಲಡಿಯ ಕಣಿವೆಯಲ್ಲಿ ಗುಡುಗು ಹೋದಂತಾಗುತ್ತದೆ, ಅಷ್ಟೆ. ಕೆಲಸ ಆಗಬೇಕಾದರೆ ಮಂತ್ರಿ ನಮ್ಮೂರಿನವನಾಗಿರಬೇಕು ಅಂತ ನೀನು ಹೇಳುತ್ತಿದ್ದ ಮಾತು ಸೇತುವೆಯ ಮೇಲೆ ನಿಂತಾಗ ನೆನಪಾಯಿತು.

ಮಂಜಣ್ಣ, ಇನ್ನು ಶಾಲೆ. ಮೂವತ್ತನಾಲ್ಕು ವರ್ಷ ಬಳಪ ಹಿಡಿದವನು ನಾನು, ಇಲ್ಲಿ ಸ್ವಲ್ಪ ಉದ್ದ ಬರೆದರೆ ಸಹಿಸಿಕೋ. ಕ್ರೋ ಐಲೆಂಡ್ ಅಂತ ಒಂದು ಪ್ರಾಥಮಿಕ ಶಾಲೆ, ಕಟ್ಟಿದ್ದು 1940ರಲ್ಲಿ. ಕಾರ್ಲ್‌ಟನ್ ವಾಶ್‌ಬರ್ನ್ ಎಂಬವರು 1919ರಿಂದ 1943ರವರೆಗೆ ಇಲ್ಲಿನ ಶಾಲೆಗಳ ಮುಖ್ಯಸ್ಥರು. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಲಿ, ಒಂದು ಪಾಠ ಪಕ್ಕಾ ಆದಮೇಲೆ ಮುಂದಿನದಕ್ಕೆ ಹೋಗಲಿ ಎಂಬುದು ಅವರ ಪದ್ಧತಿ. ಅದಕ್ಕೆ ತಕ್ಕ ಕಟ್ಟಡ ಬೇಕೆಂದಾಗ ಫಿನ್ಲೆಂಡ್ ಮೂಲದ ಎಲಿಯೆಲ್ ಸಾರಿನೆನ್, ಅವರ ಮಗ ಈರೊ, ಜೊತೆಗೆ ಲ್ಯಾರಿ ಪರ್ಕಿನ್ಸ್ ಎಂಬ ತರುಣ ಕೈಹಾಕಿದರು. ಪರ್ಕಿನ್ಸ್ ನಕ್ಷೆ ಬರೆಯುವ ಮುಂಚೆ ತರಗತಿಗಳಲ್ಲಿ ಹೋಗಿ ಕೂತು ಮಕ್ಕಳನ್ನೂ ಮೇಷ್ಟ್ರುಗಳನ್ನೂ ನೋಡಿದರಂತೆ. ನಮ್ಮ ಶಾಲೆಗೆ ಬಂದ ಇಂಜಿನಿಯರು ಜೀಪಿನಿಂದ ಇಳಿದಿದ್ದನಾ?

ಶಾಲೆ ನಡೆಯುತ್ತಿರುವುದರಿಂದ ಒಳಗೆ ಬಿಡುವುದಿಲ್ಲ. ನಾನು ಕಂಡದ್ದು ಹೊರಗಿನ ತಗ್ಗು ಇಟ್ಟಿಗೆ ಗೋಡೆ, ಗಡಿಯಾರದ ಗೋಪುರ. ಉಳಿದದ್ದು ಓದಿ, ಚಿತ್ರ ನೋಡಿ ತಿಳಿದದ್ದು. ಪ್ರತಿ ಕೋಣೆಯೂ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ. ಪ್ರತಿ ಕೋಣೆಗೂ ಅದರದೇ ಶೌಚಾಲಯ, ಅದರದೇ ಪುಟ್ಟ ಅಂಗಳ. ಚಾವಣಿ ತಗ್ಗು, ಕಿಟಕಿಯ ಕೆಳಗೆ ಕೂರಲು ಜಾಗ, ಲೈಟಿನ ಸ್ವಿಚ್ಚು ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ. ಸಭಾಂಗಣದ ಆಸನಗಳು ಮುಂದಿನ ಸಾಲಿನಲ್ಲಿ ಚಿಕ್ಕವು, ಹಿಂದೆ ಹೋದಂತೆ ದೊಡ್ಡವು. ಆ ಸ್ವಿಚ್ಚಿನ ಹತ್ತಿರ ನನ್ನ ಮನಸ್ಸು ನಿಂತುಬಿಟ್ಟಿತು. ನಮ್ಮಲ್ಲಿ ಸ್ವಿಚ್ಚು ಮಕ್ಕಳಿಗೆ ಎಟುಕದಂತೆ ಮೇಲಿಡಿ ಅಂತ ಹೇಳಿದವನೇ ನಾನು.

ಇಷ್ಟೆಲ್ಲ ಅಚ್ಚುಕಟ್ಟು ಯಾರಿಗಾಗಿ ಅಂತ ನೀನು ಕೇಳುತ್ತೀಯ. ಅಳಿಯನೂ ಕಾರಿನಲ್ಲಿ ಅದನ್ನೇ ಎತ್ತಿದ. ಈ ರಾಜ್ಯದಲ್ಲಿ ಶಾಲೆಯ ಖರ್ಚಿನ ಬಹುಪಾಲು ಬರುವುದು ಆಯಾ ಊರಿನ ಆಸ್ತಿ ತೆರಿಗೆಯಿಂದ. ಮನೆ ದುಬಾರಿ, ಹಾಗಾಗಿ ತೆರಿಗೆ ಹೆಚ್ಚು, ಹಾಗಾಗಿ ಶಾಲೆ ಒಳ್ಳೆಯದು. ಶಾಲೆ ಒಳ್ಳೆಯದೆಂದು ಮನೆ ಮತ್ತೂ ದುಬಾರಿ. ಗಾಣದ ಎತ್ತು ಸುತ್ತಿದ ಹಾಗೆ. ಎಣ್ಣೆ ಮಾತ್ರ ಒಂದೇ ಮನೆಗೆ.

ಮುಂಚೆ ಬೆಲೆಯೊಂದೇ ಬೇಲಿಯಾಗಿರಲಿಲ್ಲ. ಈ ದಂಡೆಯ ಊರುಗಳಲ್ಲಿ ಕರಿಯರಿಗೆ, ಎಷ್ಟೋ ಕಡೆ ಯಹೂದಿಗಳಿಗೂ ದಲ್ಲಾಳಿಗಳು ಮನೆ ತೋರಿಸುತ್ತಲೇ ಇರಲಿಲ್ಲ. 1965ರ ಬೇಸಿಗೆಯಲ್ಲಿ ಕಾಲೇಜು ಹುಡುಗ ಹುಡುಗಿಯರು, ಊರಿನ ಕೆಲವು ಗೃಹಿಣಿಯರು ಸೇರಿ ಮನೆಮನೆಗೆ ಹೋಗಿ ವಿಚಾರಿಸಿದರು. ಮಾರುವವರಲ್ಲಿ ಹಲವರು ನಮ್ಮದೇನೂ ತಕರಾರಿಲ್ಲ ಅಂದರಂತೆ! ನಮ್ಮಲ್ಲೂ ಹಾಗೇ ಅಲ್ಲವಾ, ಕೇಳಿದರೆ ಯಾರದೂ ತಕರಾರಿರುವುದಿಲ್ಲ. ಅದೇ ಜುಲೈ 25ರಂದು, ಪೆಕ್ ದಂಪತಿ ಊರಿಗೆ ಬಿಟ್ಟುಕೊಟ್ಟ ಹಸಿರು ಬಯಲಿನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಬಂದು ಮಾತಾಡಿದರು. ಸಾವಿರಾರು ಜನ ಹುಲ್ಲಿನ ಮೇಲೆ ಕೂತು ಕೇಳಿದರು. ಮರುವರ್ಷ ಆಗಸ್ಟಿನಲ್ಲಿ ಅದೇ ಕಿಂಗ್ ಷಿಕಾಗೊದ ಮಾರ್ಕ್ವೆಟ್ ಪಾರ್ಕಿನ ಬಡಾವಣೆಯಲ್ಲಿ ಮೆರವಣಿಗೆ ಹೋದಾಗ ಕಲ್ಲು ತಲೆಗೆ ಬಿತ್ತು. ಅಲ್ಲಿದ್ದವರು ದುಡಿದು ತಿನ್ನುವ ಬಿಳಿಯರು. ಇಲ್ಲಿ ಕಲ್ಲು ಬೀಳಲಿಲ್ಲ. ಆದರೆ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದೆಂಬ ಕಾನೂನು 1968ರಲ್ಲಿ ಬಂದು ಇಷ್ಟು ಕಾಲವಾದರೂ ವಿನೆಟ್ಕಾದಲ್ಲಿ ಕರಿಯರ ಸಂಖ್ಯೆ ನೂರಕ್ಕೆ ಒಬ್ಬರನ್ನು ಮುಟ್ಟಿಲ್ಲ. ಚಪ್ಪಾಳೆ ತಟ್ಟಿದ ಊರಿಗಿಂತ ಕಲ್ಲೆಸೆದ ಬಡಾವಣೆಯೇ ಮುಂದೆ ಹೆಚ್ಚು ಬದಲಾಯಿತು.

ಆ ಬಯಲಿನಲ್ಲಿ ಕಿಂಗರ ನೆನಪಿಗೆ ಒಂದು ಬಂಡೆ, ಫಲಕ ಇದೆ. ಅದರ ಎದುರಿನ ಬೆಂಚಿನಲ್ಲಿ ನಾನು ಕೂತಿದ್ದೆ. ನಾಯಿ ಹಿಡಿದುಕೊಂಡ ಒಬ್ಬ ಅಜ್ಜಿ, ನನ್ನದೇ ವಯಸ್ಸಿರಬೇಕು, ನಿಂತು ನಕ್ಕು ಕೇಳಿದರು: ಯಾರ ಮನೆಗೆ ಬಂದಿದ್ದೀರಿ? ಯಾರ ಮನೆಗೂ ಇಲ್ಲ, ಶಾಲೆ ನೋಡಲು ಬಂದೆ ಅಂದೆ. ಒಳ್ಳೆಯದು ಅಂತ ಮತ್ತೆ ನಕ್ಕು ಮುಂದೆ ಹೋದರು.

ಷಾಂಬರ್ಗ್ ತಲುಪುವವರೆಗೂ ಕಾರಿನಲ್ಲಿ ಅದರದೇ ಜಗಳ. ನೀವು ಇಲ್ಲಿಯವರಲ್ಲ ಅಂತ ಹೇಳುವ ನಯವಾದ ದಾರಿ ಅದು ಅಂತ ಅಳಿಯ. ಪಾಪ, ಮುದುಕಿ ಮಾತಾಡಿಸಿತು, ಅದರಲ್ಲೇನು ಅಂತ ಮಗಳು. ನಾನು ಸುಮ್ಮನಿದ್ದೆ. ಊರಿಗೆ ಹೊಸಬರು ಬಂದರೆ ಅರಳೀಕಟ್ಟೆಯಲ್ಲಿ ಕೂತು ನಾವೂ ಅದನ್ನೇ ಕೇಳುತ್ತಿದ್ದೆವಲ್ಲ, "ಯಾರ ಮನೆಗೆ ಬಂದಿದ್ದು?" ಅಂತ. ನೀನು ಯಾವ ಅರ್ಥದಲ್ಲಿ ಕೇಳ್ತಿದ್ದೆ ಮಂಜಣ್ಣ? ಬರೆದು ತಿಳಿಸು.

ನವೆಂಬರಿನಲ್ಲಿ ಬರುತ್ತೇನೆ. ಅಡಿಕೆ ಕೊಯ್ಲಿಗೆ ಆಳು ಸಿಕ್ಕರೆ ನನ್ನ ಎರಡೆಕರೆಗೂ ಹೇಳಿಟ್ಟಿರು.

ನಿನ್ನ,
ಸುಬ್ಬಣ್ಣ