ಹಿಂಬರಹದಲ್ಲಿ ಕಾರಣವನ್ನೂ ಬರೆಸಿ ಸಾರ್

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ಜಾತ್ರೆಯಲ್ಲಿ ಬಯಲಾಟ ಆಡಿಸೋಣ ಅಂತ ನಮ್ಮೂರ ಹುಡುಗರು ಮೈಕ್ ಪರವಾನಗಿಗೆ ಅರ್ಜಿ ಹಾಕಿದ್ದರು. ಕೇಳಿದ್ದು ರಾತ್ರಿ 12ರವರೆಗೆ ಮಾತ್ರ. ಆಟದ ಹಿಂದಿನ ಸಂಜೆ ಹಿಂಬರಹ ಬಂತು: ‘ಪರಿಶೀಲಿಸಿ ತಿರಸ್ಕರಿಸಲಾಗಿದೆ.’ ಕೆಳಗೊಂದು ಸಹಿ, ಅರ್ಧ ಅಳಿಸಿದ ಮೊಹರು. ಯಾಕೆ ಅಂತ ಕೇಳಿದರೆ ಗುಮಾಸ್ತರು ತಲೆ ಎತ್ತದೆಯೇ, “ಅದು ಸಾಹೇಬ್ರ ವಿವೇಚನೆಗೆ ಬಿಟ್ಟಿದ್ದು” ಅಂದರು. ಪಕ್ಕದೂರಿಗೆ ಅದೇ ವಾರ ಸಿಕ್ಕಿತ್ತು.

ಪರವಾನಗಿ ಸಿಗಲಿಲ್ಲ ಅಂತ ಈ ಪತ್ರ ಬರೆಯುತ್ತಿಲ್ಲ. ಮಕ್ಕಳಿಗೆ ಪರೀಕ್ಷೆ ಇದೆ ಅಂದಿದ್ದರೂ ಸಾಕಿತ್ತು, ಸುಮ್ನೆ ವಾಪಸ್ ಬರುತ್ತಿದ್ದೆವು. ಮನೆಯಲ್ಲಿ ಹಿರಿಯರು “ನಿನ್ನ ವಿವೇಚನೆಗೆ ಬಿಟ್ಟಿದ್ದೇನೆ” ಅಂದರೆ ಹಿಂದೆಮುಂದೆ ನೋಡಿ ಮಾಡು ಅಂತ, ಅಲ್ವಾ? ಕಚೇರಿಯಲ್ಲಿ ಅದೇ ಮಾತಿಗೆ ‘ಕೇಳಬೇಡ, ಹೋಗು’ ಅನ್ನುವ ಅರ್ಥ ಬಂದುಬಿಟ್ಟಿದೆ.

ಕಾನೂನು ಹೀಗೆ ಹೇಳುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು. ಆ ‘ಬಹುದು’ಗೂ ಬೇಲಿ ಇದೆ: ವರ್ಷಕ್ಕೆ ಒಟ್ಟು 15 ದಿನ ಮೀರಬಾರದು. ಯಾವ್ಯಾವ ದಿನ ಅಂತ ಸರ್ಕಾರವೋ, ಅದು ಅಧಿಕಾರ ಕೊಟ್ಟ ಜಿಲ್ಲಾಡಳಿತವೋ ಸಾಮಾನ್ಯವಾಗಿ ಮೊದಲೇ ಹೇಳಬೇಕು. ಅಂಥ ಪಟ್ಟಿ ನಮ್ಮ ಪಂಚಾಯಿತಿ ಬೋರ್ಡಿನ ಮೇಲೆ ಕಂಡಿಲ್ಲ. ಟೆಂಡರ್ ನೋಟಿಸು ಮಾತ್ರ ತಪ್ಪದೆ ಅಂಟಿಸುತ್ತಾರೆ.

ಇನ್ನು ಕಾರಣದ ಮಾತು. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ತೆಗೆದು ನೋಡಿ. ಆಡಳಿತ ತೆಗೆದುಕೊಂಡ ತೀರ್ಮಾನಕ್ಕೆ ಏನು ಕಾರಣ ಅಂತ, ಅದರಿಂದ ಬಾಧೆಗೊಳಗಾದವರಿಗೆ ಕಚೇರಿಯೇ ತಿಳಿಸಬೇಕು. ಕಾರಣ ಗೊತ್ತಿಲ್ಲದೆ ಮೇಲ್ಮನವಿಯಲ್ಲಿ ಏನಂತ ಬರೆಯೋದು ಸಾರ್?

ರಾಜಭವನಕ್ಕೂ ಈ ಲೆಕ್ಕ ತಪ್ಪಿದ್ದಲ್ಲ. 1989ರಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದರೂ ಅವಕಾಶ ಸಿಗಲಿಲ್ಲ, ರಾಜ್ಯಪಾಲರ ವರದಿ ಹೋಯಿತು, ಸರ್ಕಾರ ವಜಾ ಆಯಿತು. ಬಹುಮತ ಅಳೆಯಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಸ್ವಂತ ಅಭಿಪ್ರಾಯದಲ್ಲಿ ಅಲ್ಲ ಅಂತ 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತು. ಅಷ್ಟು ದೊಡ್ಡ ಕುರ್ಚಿಗೇ ಹಾಗಾದರೆ, ಮೈಕ್ ಪರವಾನಗಿ ಕೊಡುವ ಟೇಬಲ್ಲಿಗೆ ಯಾಕೆ ವಿನಾಯಿತಿ?

ಮುಂದಿನ ಜಾತ್ರೆಗಳು ಶುರುವಾಗುವ ಮೊದಲು ಆ ದಿನಗಳ ಪಟ್ಟಿಯನ್ನು ಎಲ್ಲ ಪಂಚಾಯಿತಿಗಳಿಗೆ ಕಳಿಸಿ. ಹಿಂಬರಹದ ನಮೂನೆಯಲ್ಲಿ ‘ಕಾರಣ’ ಅಂತ ಎರಡು ಸಾಲು ಜಾಗ ಬಿಡಿಸಿ. ಖಾಲಿ ಬಿಟ್ಟ ಹಿಂಬರಹಕ್ಕೆ ಮೊಹರು ಒತ್ತಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ.

ಇತಿ,
ನಿಮ್ಮ ಜಿಲ್ಲೆಯ ಒಬ್ಬ ಬಯಲಾಟದ ಹುಚ್ಚ